ಕಣ್ಣು ಸರಿ, ನೋಟ ಅರ್ಧ: ಮಿದುಳಿಗೆ ಪೆಟ್ಟು ಬಿದ್ದವರ ದೃಷ್ಟಿ ಯಾರ ಜವಾಬ್ದಾರಿ?

ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರೊಬ್ಬರು ಕಣ್ಣಿನ ಆಸ್ಪತ್ರೆಗೆ ಹೋಗುತ್ತಾರೆ. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದುತ್ತಾರೆ. ‘ಕಣ್ಣು ಚೆನ್ನಾಗಿದೆ, ಪೊರೆಯೂ ಇಲ್ಲ’ ಎಂದು ಬರೆಸಿಕೊಂಡು ಹೊರಡುವಾಗ ಅದೇ ಕೋಣೆಯ ಬಾಗಿಲಿಗೆ ಎಡಭುಜ ಬಡಿದುಕೊಳ್ಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಎಲೆಯ ಎಡಗಡೆ ಬಡಿಸಿದ ಉಪ್ಪಿನಕಾಯಿ, ಕೋಸಂಬರಿ ಮುಟ್ಟದೆ ಉಳಿದಿರುತ್ತದೆ. ಮನೆಯವರು ಮರೆವು ಅಂದುಕೊಳ್ಳುತ್ತಾರೆ. ಕೆಲವರು ಹಟ ಅನ್ನುವುದೂ ಉಂಟು.

ಇದರಲ್ಲಿ ಕಣ್ಣಿನ ತಪ್ಪೇನೂ ಇಲ್ಲ. ಎರಡೂ ಕಣ್ಣುಗಳಿಗೆ ಕಾಣುವ ಎಡಗಡೆಯ ಲೋಕ ಬಲಮಿದುಳಿಗೂ ಬಲಗಡೆಯ ಲೋಕ ಎಡಮಿದುಳಿಗೂ ಹೋಗಿ, ಹಿಂದಲೆಯ ಭಾಗದಲ್ಲಿ ನೋಟವಾಗುತ್ತದೆ. ಬಲಮಿದುಳಿನ ಆ ಭಾಗಕ್ಕೆ ರಕ್ತ ನಿಂತರೆ ಎರಡೂ ಕಣ್ಣುಗಳ ಎಡ ಅರ್ಧ ಒಟ್ಟಿಗೇ ಹೋಗುತ್ತದೆ. ವೈದ್ಯಕೀಯದಲ್ಲಿ ಇದಕ್ಕೆ ಹೆಮಿಯಾನೋಪಿಯಾ ಎಂದು ಹೆಸರು. ರೋಗಿ ಮಾತ್ರ ‘ಎಡಗಣ್ಣು ಕಾಣಿಸ್ತಾ ಇಲ್ಲ ಡಾಕ್ಟ್ರೇ’ ಎನ್ನುತ್ತಾರೆ, ಡಾಕ್ಟರು ಎಡಗಣ್ಣನ್ನೇ ಪರೀಕ್ಷಿಸುತ್ತಾರೆ. ಇಬ್ಬರೂ ಪ್ರಾಮಾಣಿಕರು, ಸಮಸ್ಯೆ ಮಾತ್ರ ಸಿಕ್ಕುವುದಿಲ್ಲ.

ಇದು ಅಪರೂಪದ ಕಥೆಯೂ ಅಲ್ಲ. ಬ್ರಿಟನ್ನಿನಲ್ಲಿ ಫಿಯೋನಾ ರೋವ್ ತಂಡ ಪಾರ್ಶ್ವವಾಯುವಿನಿಂದ ಆಸ್ಪತ್ರೆ ಸೇರಿದ ಸಾವಿರಕ್ಕೂ ಹೆಚ್ಚು ಜನರ ದೃಷ್ಟಿಯನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು 73% ಜನರಿಗೆ ಒಂದಲ್ಲ ಒಂದು ದೃಷ್ಟಿದೋಷವಿತ್ತು. ಅರ್ಧನೋಟ, ಎರಡೆರಡಾಗಿ ಕಾಣುವುದು, ಕಣ್ಣುಗುಡ್ಡೆ ಹೊರಳದಿರುವುದು, ಕಂಡರೂ ಗುರುತು ಹತ್ತದಿರುವುದು, ಹೀಗೆ ಅದರಲ್ಲಿ ನಾನಾ ಬಗೆ. ತಲೆಗೆ ಪೆಟ್ಟು ಬಿದ್ದವರು, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರು, ಹೆರಿಗೆಯ ಹೊತ್ತಿಗೆ ಮಿದುಳಿಗೆ ಆಮ್ಲಜನಕ ಸಾಲದೆ ಹೋದ ಮಕ್ಕಳು, ಎಲ್ಲರಿಗೂ ಇದು ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಇವರನ್ನು ಯಾರು ನೋಡಬೇಕು? ನೇತ್ರತಜ್ಞರೇ, ನರರೋಗ ತಜ್ಞರೇ, ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ಆಪ್ಟೋಮೆಟ್ರಿಸ್ಟರೇ, ದಿನನಿತ್ಯದ ಕೆಲಸಗಳಿಗೆ ಮತ್ತೆ ಅಣಿಗೊಳಿಸುವ ಆಕ್ಯುಪೇಷನಲ್ ಥೆರಪಿಸ್ಟರೇ? ‘ಎಲ್ಲರೂ ಸೇರಿ’ ಎನ್ನುವುದು ಸಲೀಸಾದ ಉತ್ತರ. ಆದರೆ ಸೇರಿ ಏನು ಮಾಡಬೇಕೆಂಬ ಬಗ್ಗೆ ನೂರು ವರ್ಷಗಳಿಂದ ಒಮ್ಮತವಿಲ್ಲ.

ಯುದ್ಧಗಳು ಕಟ್ಟಿಕೊಟ್ಟ ವಿದ್ಯೆ

ಈ ವಿದ್ಯೆ ಬೆಳೆದದ್ದು ರಣರಂಗದ ಗಾಯಾಳುಗಳ ಮೇಲೆ. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ಗುಂಡು ತಲೆಯನ್ನು ತೂರಿಹೋದರೂ ಬದುಕುಳಿದ ಸೈನಿಕರಿದ್ದರು. ಪಿಂಚಣಿಗಾಗಿ ಅವರ ದೃಷ್ಟಿಯನ್ನು ಅಳೆಯುವ ಕೆಲಸ ತತ್ಸುಜಿ ಇನೊಯೆ ಎಂಬ ಜಪಾನಿ ಕಣ್ಣಿನ ವೈದ್ಯರಿಗೆ ಬಂತು. ಗುಂಡು ಹೊಕ್ಕ ಜಾಗ, ಹೊರಟ ಜಾಗ, ಕಾಣದಾದ ಭಾಗ, ಈ ಮೂರನ್ನೂ ತಾಳೆ ಹಾಕಿ, ನೋಟದ ಯಾವ ತುಣುಕು ಮಿದುಳಿನ ಎಲ್ಲಿದೆ ಎಂಬ ನಕ್ಷೆಯನ್ನು ಅವರು 1909ರಲ್ಲಿ ಪ್ರಕಟಿಸಿದರು. ಒಂದನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಗಾರ್ಡನ್ ಹೋಮ್ಸ್ ಅದನ್ನು ಇನ್ನಷ್ಟು ಖಚಿತಗೊಳಿಸಿದರು. 1917ರಲ್ಲಿ ಜಾರ್ಜ್ ರಿಡಕ್ ವಿಚಿತ್ರವೊಂದನ್ನು ದಾಖಲಿಸಿದರು: ಕುರುಡಾದ ಭಾಗದಲ್ಲಿ ನಿಂತ ವಸ್ತು ಕಾಣದ ಕೆಲವರಿಗೆ, ಅದೇ ಭಾಗದಲ್ಲಿ ಚಲಿಸುವ ವಸ್ತುವಿನ ಅರಿವಾಗುತ್ತಿತ್ತು. ಈ ಸಣ್ಣ ಟಿಪ್ಪಣಿ ಮುಂದೆ ದೊಡ್ಡ ಜಗಳಕ್ಕೆ ಬೀಜವಾಯಿತು.

ಅದೇ 1917ರಲ್ಲಿ ಜರ್ಮನಿಯ ವಾಲ್ಟರ್ ಪೊಪ್ಪೆಲ್‌ರಾಯ್ಟರ್ ಇನ್ನೊಂದು ದಾರಿ ಹಿಡಿದಿದ್ದರು. ಗಾಯಗೊಂಡ ಸೈನಿಕರನ್ನು ಮತ್ತೆ ಕೆಲಸಕ್ಕೆ ಹಚ್ಚಬೇಕಿತ್ತು. ಹಾಗಾಗಿ ಅವರು ನೋಟವನ್ನು ಅಳೆದು ಸುಮ್ಮನಾಗದೆ ಹುಡುಕುವ, ಓದುವ, ಗುರುತಿಸುವ ಅಭ್ಯಾಸಗಳನ್ನು ರೂಪಿಸಿದರು. ಫ್ರಾಂಕ್‌ಫರ್ಟಿನಲ್ಲಿ ಕುರ್ಟ್ ಗೋಲ್ಡ್‌ಸ್ಟೈನ್, ಎರಡನೇ ಮಹಾಯುದ್ಧದ ಕಾಲಕ್ಕೆ ಸೋವಿಯತ್ ದೇಶದಲ್ಲಿ ಅಲೆಕ್ಸಾಂಡರ್ ಲೂರಿಯ ಇದೇ ದಾರಿಯಲ್ಲಿ ನಡೆದರು. ಗಾಯಾಳುವಿನ ಸುತ್ತ ವೈದ್ಯ, ಮನಶ್ಶಾಸ್ತ್ರಜ್ಞ, ಶಿಕ್ಷಕ, ಕುಶಲಕರ್ಮಿ ಒಟ್ಟಿಗೆ ನಿಲ್ಲುವ ಪದ್ಧತಿ ಹುಟ್ಟಿದ್ದು ಇಂಥ ಕಡೆ.

ಅಮೆರಿಕದಲ್ಲಿ ಆಗಿದ್ದೇ ಬೇರೆ. ಕುರುಡಾದ ಸೈನಿಕರಿಗಾಗಿ ರಿಚರ್ಡ್ ಹೂವರ್ ಉದ್ದನೆಯ ಬಿಳಿಕೋಲಿನ ನಡಿಗೆಯನ್ನು ರೂಪಿಸಿದರು. 1948ರಲ್ಲಿ ಶಿಕಾಗೊ ಬಳಿಯ ಹೈನ್ಸ್‌ನಲ್ಲಿ ಅಂಧರ ಪುನರ್ವಸತಿ ಕೇಂದ್ರ ಆರಂಭವಾಯಿತು. ಇದು ಕಣ್ಣು ಕಳೆದುಕೊಂಡವರಿಗಾಗಿ ಕಟ್ಟಿದ ವ್ಯವಸ್ಥೆ. ಮಿದುಳಿನ ಪುನರ್ವಸತಿ ಬೇರೆ ಕಟ್ಟಡದಲ್ಲಿ, ಬೇರೆ ಅನುದಾನದಲ್ಲಿ, ಬೇರೆ ಪದವಿಯವರ ಕೈಯಲ್ಲಿ ಬೆಳೆಯಿತು. ಅರ್ಧನೋಟದವರು ಎರಡಕ್ಕೂ ಸೇರಲಿಲ್ಲ: ಅಂಧರ ಕೇಂದ್ರಕ್ಕೆ ‘ಇವರಿಗೆ ಕಾಣುತ್ತದೆ’, ನರರೋಗ ವಿಭಾಗಕ್ಕೆ ‘ಇದು ಕಣ್ಣಿನ ವಿಷಯ’. ಇರಾಕ್, ಅಫ್ಘಾನಿಸ್ತಾನಗಳಿಂದ ಸ್ಫೋಟದ ಪೆಟ್ಟು ತಿಂದ ಯುವ ಸೈನಿಕರು ‘ಓದಲು ಆಗುತ್ತಿಲ್ಲ, ಬೆಳಕು ಸಹಿಸಲಾಗುತ್ತಿಲ್ಲ’ ಎನ್ನುತ್ತಾ ಹಿಂದಿರುಗಿದ ಮೇಲೆಯೇ ಅಲ್ಲಿನ ಸೈನಿಕ ಆಸ್ಪತ್ರೆಗಳು ಎರಡು ವಿಭಾಗಗಳ ನಡುವೆ ಬಾಗಿಲು ಕೊರೆದವು.

ಮರಳಿಸುವುದೋ, ಹೊಂದಿಸುವುದೋ

ಚಿಕಿತ್ಸೆಯ ವಿಚಾರದಲ್ಲಿ ಮೂರು ಪಂಥಗಳಿವೆ.

ಮೊದಲನೆಯದು ಹೊಂದಿಕೆಯ ಪಂಥ. ಹೋದದ್ದು ಹೋಯಿತು, ಉಳಿದ ನೋಟವನ್ನು ಜಾಣತನದಿಂದ ಹೊರಳಿಸುವುದನ್ನು ಕಲಿಸೋಣ ಎಂಬುದು ಇದರ ನಿಲುವು. ಮ್ಯೂನಿಕ್ಕಿನ ಯೋಸೆಫ್ ತ್ಸೀಲ್ 1970ರ ದಶಕದಿಂದ ಬೆಳೆಸಿದ ವಿಧಾನದಲ್ಲಿ, ಕಾಣದ ಕಡೆಗೆ ಕಣ್ಣನ್ನು ದೊಡ್ಡ ಜಿಗಿತದಲ್ಲಿ ಹೊರಳಿಸಿ, ಅಲ್ಲಿಂದ ಕ್ರಮವಾಗಿ ಹುಡುಕುತ್ತಾ ಬರುವುದನ್ನು ರೂಢಿ ಮಾಡಿಸುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಓದಿಗಾಗಿ ರೂಪಿಸಿದ ‘ರೀಡ್-ರೈಟ್’ ತಂತ್ರಾಂಶದಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ಹರಿಯುತ್ತವೆ, ಕಣ್ಣು ತಾನಾಗಿಯೇ ಬಲಕ್ಕೆ ಜಿಗಿಯಲು ಕಲಿಯುತ್ತದೆ. ಈ ಪಂಥ ದೊಡ್ಡ ಮಾತಾಡುವುದಿಲ್ಲ. ನೋಟದ ನಕ್ಷೆ ಒಂದಿಂಚೂ ಹಿಗ್ಗದಿದ್ದರೂ ರಸ್ತೆ ದಾಟಲು ಬಂದರೆ ಅದಕ್ಕೆ ಸಾಕು.

ಎರಡನೆಯದು ಪುನಃಸ್ಥಾಪನೆಯ ಪಂಥ. ಇದಕ್ಕೆ ಆಧಾರ ರಿಡಕ್ ಕಂಡ ವಿಚಿತ್ರವೇ. 1974ರಲ್ಲಿ ಲಾರೆನ್ಸ್ ವೈಸ್‌ಕ್ರಾಂಟ್ಸ್ ಮತ್ತು ಸಂಗಡಿಗರು, ಹಿಂದಲೆಯ ಒಂದು ಭಾಗವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಸಿಕೊಂಡ ‘ಡಿ.ಬಿ.’ ಎಂಬ ರೋಗಿಯ ಬಗ್ಗೆ ಬರೆದರು. ಕುರುಡಾದ ಕಡೆ ಏನೂ ಕಾಣುತ್ತಿಲ್ಲ ಎನ್ನುತ್ತಿದ್ದ ಆತ, ಊಹಿಸಿ ತೋರಿಸು ಎಂದರೆ ಬೆಳಕಿದ್ದ ಕಡೆಗೇ ಬೆರಳು ಚಾಚುತ್ತಿದ್ದ. ಪೂರ್ತಿ ಸತ್ತಿಲ್ಲದ ಜಾಲವನ್ನು ಅಭ್ಯಾಸದಿಂದ ಎಚ್ಚರಿಸಬಹುದೆಂಬ ಆಸೆ ಅಲ್ಲಿಂದ ಬಲಿಯಿತು. 1998ರಲ್ಲಿ ಜರ್ಮನಿಯ ಮಾಗ್ದೆಬುರ್ಗಿನ ಎರಿಕ್ ಕಾಸ್ಟನ್, ಬೆರ್ನ್‌ಹಾರ್ಟ್ ಸಾಬೆಲ್ ಮೊದಲಾದವರು, ಕಾಣುವ ಮತ್ತು ಕಾಣದ ಭಾಗಗಳ ಗಡಿಯಲ್ಲಿ ಕಂಪ್ಯೂಟರಿನ ಬೆಳಕಿನ ಚುಕ್ಕೆಗಳನ್ನು ತಿಂಗಳುಗಟ್ಟಲೆ ತೋರಿಸಿ ನೋಟ ಹಿಗ್ಗಿತೆಂದು ವರದಿ ಮಾಡಿದರು. 2003ರಲ್ಲಿ ಅಮೆರಿಕದ ಔಷಧ, ಸಾಧನ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಆ ಸಾಧನದ ಮಾರಾಟಕ್ಕೆ ಅನುಮತಿ ಕೊಟ್ಟಿತು. ಆದರೆ 2005ರಲ್ಲಿ ಟ್ಯೂಬಿಂಗನ್ನಿನ ಸಂಶೋಧಕರು ಅದೇ ತರಬೇತಿ ಪಡೆದವರನ್ನು, ಅಕ್ಷಿಪಟಲದ ಮೇಲೆ ಬೆಳಕು ಎಲ್ಲಿ ಬೀಳುತ್ತಿದೆ ಎಂದು ನೇರವಾಗಿ ನೋಡುತ್ತಲೇ ಅಳೆಯುವ ಯಂತ್ರದಿಂದ ಪರೀಕ್ಷಿಸಿದಾಗ, ಗಡಿ ಹೇಳಿಕೊಳ್ಳುವಷ್ಟು ಸರಿದಿರಲಿಲ್ಲ. ಹಾಗಾದರೆ ಮೊದಲಿನ ಲಾಭ? ರೋಗಿ ತನಗೇ ತಿಳಿಯದಂತೆ ಕಣ್ಣನ್ನು ತುಸು ಕಾಣದ ಕಡೆಗೆ ಸರಿಸಿಕೊಳ್ಳುತ್ತಿದ್ದಿರಬೇಕು ಎಂಬುದು ವಿಮರ್ಶಕರ ವಾದ. ಸಾಬೆಲ್ ಕಡೆಯವರು ಒಪ್ಪಲಿಲ್ಲ. ಇತ್ತ ರಾಚೆಸ್ಟರಿನ ಕ್ರಿಸ್ಟಲ್ ಹಕ್ಸ್ಲಿನ್ ತಂಡ ಚಲನೆಯನ್ನು ಗುರುತಿಸುವ ಅಭ್ಯಾಸವನ್ನು ಕಣ್ಣಿನ ನಿಲುವನ್ನು ಕಾಯುತ್ತಲೇ ಮಾಡಿಸಿ, ಕುರುಡು ಭಾಗದಲ್ಲಿ ಒಂದಿಷ್ಟು ಸಾಮರ್ಥ್ಯ ಮರಳುತ್ತದೆ ಎಂದು 2009ರಲ್ಲಿ ತೋರಿಸಿತು. ಹಾಗಾಗಿ ಈ ಪಂಥವನ್ನು ತಳ್ಳಿಹಾಕುವಂತಿಲ್ಲ. ಆದರೆ ಪ್ರಯೋಗಾಲಯದಲ್ಲಿ ಮರಳಿದ ನೋಟ ಮಾರುಕಟ್ಟೆಯ ಜನಸಂದಣಿಯಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಇನ್ನೂ ಪುರಾವೆ ಸಾಲದು. ಇಷ್ಟರ ನಡುವೆ ಹಣ ತೆತ್ತು ಕಾದು ಕೂತವರು ರೋಗಿಗಳು.

ಮೂರನೆಯದು ಸಾಧನದ ಪಂಥ. ಬಾಸ್ಟನ್ನಿನ ಎಲಿ ಪೆಲಿ ಕನ್ನಡಕದ ಮೇಲ್ಭಾಗ, ಕೆಳಭಾಗಗಳಿಗೆ ಪ್ರಿಸಂ ಪಟ್ಟಿ ಅಂಟಿಸಿ ಕಾಣದ ಕಡೆಯ ಚಿತ್ರವನ್ನು ಕಾಣುವ ಕಡೆಗೆ ಎಳೆದು ತಂದರು. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಕಲಿ ಪ್ರಿಸಂಗಿಂತ ಅಸಲಿಯನ್ನೇ ಉಳಿಸಿಕೊಳ್ಳುತ್ತೇವೆ ಎಂದವರು ಹೆಚ್ಚು. ಬ್ರಿಟನ್ನಿನಲ್ಲಿ ಪ್ರಿಸಂ, ಹುಡುಕುವ ಅಭ್ಯಾಸ, ಬರೀ ಮಾಹಿತಿ, ಈ ಮೂರನ್ನು 87 ಜನರಲ್ಲಿ ಹೋಲಿಸಿ 2017ರಲ್ಲಿ ಬಂದ ಫಲಿತಾಂಶ ತುಸು ತಣ್ಣೀರೆರಚಿತು: ಯಾವ ಗುಂಪಿನಲ್ಲೂ ನೋಟದ ವಿಸ್ತಾರ ಹೆಚ್ಚಲಿಲ್ಲ, ಹುಡುಕುವ ಅಭ್ಯಾಸದವರ ದಿನಚರಿ ಸುಧಾರಿಸಿತು, ಪ್ರಿಸಂ ಹಾಕಿಕೊಂಡವರಲ್ಲಿ ಹೆಚ್ಚಿನವರಿಗೆ ತಲೆನೋವಿನಂಥ ಕಿರಿಕಿರಿ.

ಮೂರೂ ಪಂಥದವರು ನೆನಪಿಡಬೇಕಾದ ಒಂದು ಸಂಗತಿಯಿದೆ. 2006ರಲ್ಲಿ ಪ್ರಕಟವಾದ, ಅಟ್ಲಾಂಟದ 254 ರೋಗಿಗಳ ಅಧ್ಯಯನದ ಪ್ರಕಾರ ಕನಿಷ್ಠ 38% ಜನರಿಗೆ ನೋಟ ತಾನಾಗಿಯೇ ಸ್ವಲ್ಪ ಮರಳಿತು. ಮೊದಲ ತಿಂಗಳಲ್ಲಿ ಇದರ ಸಾಧ್ಯತೆ ಹೆಚ್ಚು, ಆರು ತಿಂಗಳಾದ ಮೇಲೆ ತೀರ ಕಡಿಮೆ. ಎರಡನೇ ವಾರದಲ್ಲಿ ಶುರುವಾಗುವ ಯಾವ ಚಿಕಿತ್ಸೆಗೂ ಈ ಸಹಜ ಚೇತರಿಕೆಯ ಪುಣ್ಯ ಬಿಟ್ಟಿಯಾಗಿ ಸಿಗುತ್ತದೆ.

ಕಾಣದಿರುವುದು ಬೇರೆ, ಗಮನಕ್ಕೆ ಬಾರದಿರುವುದು ಬೇರೆ

ಎಲೆಯ ಎಡಗಡೆ ಬಿಟ್ಟು ಉಂಡವರಲ್ಲಿ ಎರಡು ಬಗೆ. ಹೆಮಿಯಾನೋಪಿಯಾ ಇರುವವರಲ್ಲಿ ಹಲವರಿಗೆ ತಮಗೆ ಎಡ ಕಾಣುವುದಿಲ್ಲವೆಂದು ಬೇಗನೆ ತಿಳಿಯುತ್ತದೆ, ತಲೆ ತಿರುಗಿಸುತ್ತಾರೆ. ನೆಗ್ಲೆಕ್ಟ್ ಎಂಬ ತೊಂದರೆ ಇರುವವರಿಗೆ ಎಡವೆಂಬುದೇ ಇಲ್ಲ. ಇಲ್ಲದ್ದನ್ನು ಹುಡುಕುವವರು ಯಾರು? ಗಡಿಯಾರ ಬಿಡಿಸಲು ಹೇಳಿದರೆ ಹನ್ನೆರಡೂ ಅಂಕಿಗಳನ್ನು ಬಲ ಅರ್ಧಕ್ಕೇ ತುರುಕುತ್ತಾರೆ, ಅರ್ಧ ಮುಖಕ್ಕೆ ಮಾತ್ರ ಗಡ್ಡ ಕೆರೆಯುತ್ತಾರೆ. ಒಬ್ಬರಲ್ಲೇ ಎರಡೂ ಇರುವುದುಂಟು. ಕಣ್ಣಿನ ಹೊರಳಾಟ ಕಲಿಸಿದರೆ ಮೊದಲನೆಯವರು ಕಲಿಯುತ್ತಾರೆ. ಎರಡನೆಯವರಿಗೆ ಅದು ಏಕೆ ಬೇಕೆಂದೇ ಅರ್ಥವಾಗುವುದಿಲ್ಲ.

1998ರಲ್ಲಿ ಫ್ರಾನ್ಸಿನ ಈವ್ ರೊಸೆಟ್ಟಿ ತಂಡ, ದೃಶ್ಯವನ್ನು ಬಲಕ್ಕೆ ಸರಿಸುವ ಪ್ರಿಸಂ ಕನ್ನಡಕ ಹಾಕಿಸಿ ಸ್ವಲ್ಪ ಹೊತ್ತು ಗುರಿ ಮುಟ್ಟಿಸಿ ತೆಗೆದರೆ ನೆಗ್ಲೆಕ್ಟ್ ಕಡಿಮೆಯಾಗುತ್ತದೆಂದು ತೋರಿಸಿದಾಗ ದೊಡ್ಡ ಉತ್ಸಾಹ ಹುಟ್ಟಿತು. ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ 2021ರ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ ಮಾತ್ರ, ನೆಗ್ಲೆಕ್ಟ್‌ನ ಯಾವ ಚಿಕಿತ್ಸೆಯೂ ದಿನನಿತ್ಯದ ಬದುಕಿಗೆ ನೆರವಾಗುತ್ತದೆಂದು ಭರವಸೆಯಿಂದ ಹೇಳಲಾಗದು ಎಂದಿತು.

ಮನೆಯೊಳಗಿನ ಜಗಳ

ಈ ಕ್ಷೇತ್ರದ ಒಡಕು ವೈದ್ಯರು ಮತ್ತು ಆಪ್ಟೋಮೆಟ್ರಿಸ್ಟರ ನಡುವೆ ಇದ್ದಷ್ಟು ಬೇರೆಲ್ಲೂ ಇಲ್ಲ. ಅಮೆರಿಕದಲ್ಲಿ ಎ. ಎಂ. ಸ್ಕೆಫಿಂಗ್ಟನ್ 1920ರ ದಶಕದ ಕೊನೆಯಲ್ಲಿ ಹುಟ್ಟುಹಾಕಿದ ವರ್ತನಾ ಆಪ್ಟೋಮೆಟ್ರಿ, ನೋಟವೆಂಬುದು ಕಲಿತು ಬರುವ ಕೌಶಲ, ಆದ್ದರಿಂದ ಕಲಿಸಬಹುದು ಎಂದಿತು. ಅದೇ ಬೇರಿನಿಂದ, ಮಿದುಳಿಗೆ ಪೆಟ್ಟಾದವರ ನೋಟವನ್ನು ನೋಡಿಕೊಳ್ಳುವ ನ್ಯೂರೋ-ಆಪ್ಟೋಮೆಟ್ರಿ ಚಿಗುರಿತು. ನೇತ್ರತಜ್ಞರ ಸಂಘಟನೆಗಳು ಇದನ್ನು ಮೊದಲಿನಿಂದಲೂ ಅನುಮಾನದಿಂದ ನೋಡಿವೆ. 2009ರಲ್ಲಿ ಬ್ರೆಂಡನ್ ಬ್ಯಾರೆಟ್, ತಾವೇ ದೃಷ್ಟಿವಿಜ್ಞಾನದ ಕ್ಷೇತ್ರದವರಾಗಿದ್ದೂ, ವರ್ತನಾ ಆಪ್ಟೋಮೆಟ್ರಿಯ ಬಹುಪಾಲು ಹೇಳಿಕೆಗಳಿಗೆ ಗಟ್ಟಿ ಪುರಾವೆ ಇಲ್ಲವೆಂದು ಬರೆದರು.

ಗಟ್ಟಿ ಪುರಾವೆ ಸಿಕ್ಕ ಒಂದು ಜಾಗವಿದೆ. ಹತ್ತಿರದ್ದನ್ನು ನೋಡುವಾಗ ಕಣ್ಣುಗಳೆರಡೂ ಸಾಕಷ್ಟು ಒಳಗೆ ತಿರುಗದ ತೊಂದರೆಗೆ, ಕ್ಲಿನಿಕ್ಕಿನಲ್ಲಿ ಮಾಡಿಸುವ ವ್ಯಾಯಾಮ ಫಲ ಕೊಡುತ್ತದೆ ಎಂದು 221 ಮಕ್ಕಳ ಮೇಲೆ ನಡೆದ 2008ರ ಅಮೆರಿಕದ ಪ್ರಯೋಗ ತೋರಿಸಿತು. ಕಣ್ಣು ಸರಿಹೋದರೆ ಓದೂ ಸುಧಾರಿಸುತ್ತದೆ ಎಂಬ ಮುಂದಿನ ಹೆಜ್ಜೆಯನ್ನು ಅದೇ ಬಳಗ 2019ರಲ್ಲಿ ಪರೀಕ್ಷಿಸಿದಾಗ, ಓದಿನ ಗ್ರಹಿಕೆಯಲ್ಲಿ ವ್ಯಾಯಾಮಕ್ಕೂ ನಕಲಿ ವ್ಯಾಯಾಮಕ್ಕೂ ವ್ಯತ್ಯಾಸ ಕಾಣಲಿಲ್ಲ. ಎರಡೂ ಫಲಿತಾಂಶಗಳನ್ನು ಪ್ರಕಟಿಸಿದ ಅವರ ಪ್ರಾಮಾಣಿಕತೆ ದೊಡ್ಡದು. ಎರಡೂ ಬಣದವರು ತಮಗೆ ಬೇಕಾದ ಅರ್ಧವನ್ನು ಮಾತ್ರ ಉದ್ಧರಿಸುತ್ತಿರುವುದು ಬೇರೆ ಮಾತು.

ಆಕ್ಯುಪೇಷನಲ್ ಥೆರಪಿಯವರು ಇನ್ನೊಂದು ದಿಕ್ಕಿನಿಂದ ಬಂದರು. ಮೇರಿ ವಾರೆನ್ 1993ರಲ್ಲಿ ಮುಂದಿಟ್ಟ ಮಾದರಿಯಲ್ಲಿ ನೋಟ ಮೆಟ್ಟಿಲುಮೆಟ್ಟಿಲಾಗಿದೆ: ಕೆಳಗೆ ಸ್ಪಷ್ಟತೆ, ನೋಟದ ಕ್ಷೇತ್ರ, ಕಣ್ಣಿನ ಚಲನೆ, ಮೇಲೆ ಗಮನ, ಹುಡುಕಾಟ, ಗುರುತು, ನೆನಪು. ಕೆಳಮೆಟ್ಟಿಲು ಮುರಿದಿದ್ದರೆ ಮೇಲಿನದಕ್ಕೆ ತರಬೇತಿ ಕೊಟ್ಟು ಫಲವಿಲ್ಲ. ಮಿದುಳು ಇಷ್ಟು ಶಿಸ್ತಾದ ಮೆಟ್ಟಿಲಲ್ಲ ಎಂಬ ಆಕ್ಷೇಪವಿದ್ದರೂ, ಬೇರೆ ಬೇರೆ ವೃತ್ತಿಯವರು ಒಂದೇ ಕಾಗದದ ಮೇಲೆ ಮಾತಾಡಲು ಅನುವು ಮಾಡಿಕೊಟ್ಟ ನಕ್ಷೆ ಇದು.

ಒಟ್ಟಿಗೆ ಎಂದರೆ ಹೇಗೆ?

ಪಾರ್ಶ್ವವಾಯುವಿಗೆ ಪ್ರತ್ಯೇಕ ವಾರ್ಡು, ಒಂದೇ ತಂಡ ಇದ್ದರೆ ಸಾವೂ ಪರಾವಲಂಬನೆಯೂ ಕಡಿಮೆಯಾಗುತ್ತವೆ ಎಂಬುದು 1990ರ ದಶಕದಿಂದ ಮತ್ತೆ ಮತ್ತೆ ಸಾಬೀತಾಗಿದೆ. ದೃಷ್ಟಿಯ ಮಟ್ಟಿಗೆ ಅಂಥ ನೇರ ಪುರಾವೆ ಇಲ್ಲ. ಆದರೂ ತಂಡ ಏಕೆ ಬೇಕು ಎಂಬುದಕ್ಕೆ ವಾರ್ಡಿನಲ್ಲಿ ಸಿಗುವ ನಿದರ್ಶನಗಳು ಬಲವಾಗಿವೆ. ಮಾತು ಹೋದವರಿಗೆ ಸ್ಪೀಚ್ ಥೆರಪಿಸ್ಟ್ ನಾಲ್ಕು ಚಿತ್ರ ತೋರಿಸಿ ‘ಬಾಳೆಹಣ್ಣು ಯಾವುದು?’ ಎಂದು ಕೇಳುತ್ತಾರೆ. ಬಾಳೆಹಣ್ಣು ಕಾಣದ ಕಡೆಗಿದ್ದರೆ ಉತ್ತರ ತಪ್ಪುತ್ತದೆ. ದಾಖಲೆಯಲ್ಲಿ ‘ಭಾಷಾಗ್ರಹಿಕೆ ಕಡಿಮೆ’ ಎಂದು ಸೇರುತ್ತದೆ. ಕಣ್ಣುಗಳೆರಡೂ ಮೇಲೆಕೆಳಗಾಗಿ ಎಲ್ಲವೂ ಎರಡಾಗಿ ಕಾಣುವವರಿಗೆ ಫಿಸಿಯೋಥೆರಪಿಸ್ಟ್ ವಾರಗಟ್ಟಲೆ ಕಾಲಿನ ವ್ಯಾಯಾಮ ಮಾಡಿಸಿದರೂ ನಡಿಗೆ ಸುಧಾರಿಸುವುದಿಲ್ಲ. ಒಂದು ಕಣ್ಣಿಗೆ ಪಟ್ಟಿ ಕಟ್ಟಿದರೆ ಎರಡಾಗಿ ಕಾಣುವುದು ತಕ್ಷಣ ನಿಲ್ಲುತ್ತದೆ, ಆದರೆ ಆಳದ ಅಂದಾಜು ಹೋಗಿ ಮೆಟ್ಟಿಲು ಇಳಿಯುವಾಗ ಎಡವುತ್ತಾರೆ. ಪಟ್ಟಿ ಕಟ್ಟಿದವರು ಮತ್ತು ಮೆಟ್ಟಿಲು ಇಳಿಸುವವರು ಮಾತಾಡಿಕೊಳ್ಳದಿದ್ದರೆ ಹೊಸ ಅಪಾಯ.

ಸಾಮಾನ್ಯವಾಗಿ ಕಾಣುವುದು ಪ್ರತಿಯೊಬ್ಬರೂ ತಮ್ಮ ವರದಿ ಬರೆದು ಫೈಲಿಗೆ ಸೇರಿಸುವ ಪದ್ಧತಿ. ವಾರಕ್ಕೊಮ್ಮೆ ಎಲ್ಲರೂ ಕೂತು ‘ಈಕೆ ತಾನೇ ಅಡುಗೆ ಮಾಡಿಕೊಳ್ಳಬೇಕು’ ಎಂಬಂಥ ಒಂದೇ ಗುರಿ ಇಟ್ಟುಕೊಳ್ಳುವುದು ಅದಕ್ಕಿಂತ ಮೇಲು. ಇನ್ನೂ ಮುಂದೆ ಹೋಗಿ, ಒಬ್ಬರ ಕೆಲಸದ ಮೊದಲ ಪಾಠವನ್ನು ಇನ್ನೊಬ್ಬರು ಕಲಿತು ಮಾಡುವುದೂ ಇದೆ. ತಜ್ಞರು ಕಡಿಮೆ ಇರುವ ಊರುಗಳಿಗೆ ಹೊಂದುವುದು ಈ ಕೊನೆಯದೇ ಎಂಬುದು ನನ್ನ ಅಭಿಪ್ರಾಯ. ನೋಟದ ಕ್ಷೇತ್ರದ ಪ್ರಾಥಮಿಕ ಪರೀಕ್ಷೆಗೆ ಯಂತ್ರ ಬೇಡ. ಒಂದು ತೋಳಿನಷ್ಟು ದೂರ ಎದುರುಬದುರು ಕೂತು, ರೋಗಿಯ ಒಂದು ಕಣ್ಣು ಮುಚ್ಚಿಸಿ, ‘ನನ್ನ ಮೂಗನ್ನೇ ನೋಡ್ತಿರಿ’ ಎಂದು ಹೇಳಿ ನಾಲ್ಕು ಮೂಲೆಗಳಲ್ಲೂ ಬೆರಳು ತೋರಿಸಿ ಎಣಿಸಲು ಹೇಳಬೇಕು. ಕೊನೆಗೆ ಎರಡೂ ಕಡೆ ಒಟ್ಟಿಗೇ ಬೆರಳು ಆಡಿಸಬೇಕು. ಒಂದೊಂದಾಗಿ ತೋರಿಸಿದಾಗ ಕಂಡದ್ದು ಒಟ್ಟಿಗೆ ತೋರಿಸಿದಾಗ ತಪ್ಪಿದರೆ ನೆಗ್ಲೆಕ್ಟ್‌ನ ಸುಳಿವು. ತರಬೇತಿ ಪಡೆದ ನರ್ಸ್ ಇದನ್ನು ಕೆಲವೇ ನಿಮಿಷಗಳಲ್ಲಿ ಮಾಡಬಲ್ಲರು.

ಮಕ್ಕಳ ವಿಷಯದಲ್ಲಿ ತಂಡದಲ್ಲಿ ತಾಯಿ ಮತ್ತು ಶಿಕ್ಷಕರೂ ಇರಲೇಬೇಕು. ಗ್ಲಾಸ್ಗೋದ ಗಾರ್ಡನ್ ಡಟನ್ ಮಿದುಳಿನ ದೃಷ್ಟಿದೋಷವಿರುವ ಮಕ್ಕಳನ್ನು ಅರಿಯಲು ಮುಖ್ಯವಾಗಿ ನೆಚ್ಚಿಕೊಂಡದ್ದು ಪೋಷಕರಿಗೆ ಕೇಳುವ ಪ್ರಶ್ನೆಗಳನ್ನು: ಆಟಿಕೆಗಳ ರಾಶಿಯಲ್ಲಿ ಬೇಕಾದದ್ದು ಸಿಗುತ್ತದೆಯೇ, ಗುಂಪಿನಲ್ಲಿ ಅಮ್ಮನನ್ನು ಗುರುತಿಸುತ್ತದೆಯೇ, ನೆಲದ ಬಣ್ಣ ಬದಲಾದ ಕಡೆ ಕಾಲೆತ್ತಿ ಇಡುತ್ತದೆಯೇ?

ನಮ್ಮಲ್ಲಿ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೆಂದೇ ವಿಭಾಗವಿದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮಿದುಳಿನ ಕಾಯಿಲೆಗಳ ಆರೈಕೆಯನ್ನು ಜಿಲ್ಲೆಗಳಿಗೆ ಒಯ್ಯುವ ಯತ್ನ. ಇತ್ತ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲವನ್ನು ಹಳ್ಳಿಗಾಡಿನ ಆಸ್ಪತ್ರೆಗಳಲ್ಲೇ ಪರೀಕ್ಷಿಸುವ ಕಿಡ್ರಾಪ್ ಯೋಜನೆ 2008ರಿಂದ ರಾಜ್ಯದಲ್ಲಿ ನಡೆದಿದೆ. ಒಂದು ಮಿದುಳಿನ ಕಡೆಯದು, ಇನ್ನೊಂದು ಕಣ್ಣಿನ ಕಡೆಯದು. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಎರಡೂ ಅಪಾಯಗಳಿರುವುದರಿಂದ ಇವೆರಡೂ ಒಂದೇ ಮೇಜಿನಲ್ಲಿ ಸಂಧಿಸಬೇಕು. ನಮ್ಮ ರೋಗಿಗಳ ಚಿತ್ರವೂ ಬ್ರಿಟನ್ನಿನ ವೃದ್ಧರದ್ದಲ್ಲ: ಕ್ಷಯದ ಮೆನಿಂಜೈಟಿಸ್, ಬಾಣಂತಿಯರ ಮಿದುಳಿನ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಹೆಲ್ಮೆಟ್ ಇಲ್ಲದ ಬೈಕ್ ಅಪಘಾತ, ನವಜಾತ ಶಿಶುವಿನ ರಕ್ತದಲ್ಲಿ ಸಕ್ಕರೆ ಇಳಿಯುವುದು, ಇವೆಲ್ಲ ಇಲ್ಲಿ ದೃಷ್ಟಿ ಕಸಿಯುವ ಕಾರಣಗಳು.

ಆಪ್ಟೋಮೆಟ್ರಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್, ಫಿಸಿಯೋಥೆರಪಿಸ್ಟ್ ಮೂವರನ್ನೂ ಒಂದೇ ಸೂರಿನಡಿ ತಂದ ಕೇಂದ್ರದ ಕಾಯ್ದೆ ಬಂದದ್ದು 2021ರಲ್ಲಿ. ಅಂಗವೈಕಲ್ಯ ಪ್ರಮಾಣಪತ್ರದ ಮಾರ್ಗಸೂಚಿಯ ದೃಷ್ಟಿ ಕೋಷ್ಟಕ ಸ್ಪಷ್ಟತೆ ಮತ್ತು ನೋಟದ ಕ್ಷೇತ್ರವನ್ನು ಅಳೆಯುತ್ತದೆ, ಮಧ್ಯದೃಷ್ಟಿಯನ್ನು ತಟ್ಟಿದ ಹೆಮಿಯಾನೋಪಿಯಾವನ್ನೂ ಹೆಸರಿಸುತ್ತದೆ. ಕಣ್ಣಿಗೆ ಬಿದ್ದರೂ ಗಮನಕ್ಕೆ ಬಾರದ, ಗಮನಕ್ಕೆ ಬಂದರೂ ಗುರುತು ಹತ್ತದ ಕಷ್ಟಕ್ಕೆ ಆ ಕೋಷ್ಟಕದಲ್ಲಿ ಮನೆಯಿಲ್ಲ.

ಓದಿನದೂ ಒಂದು ಸಮಸ್ಯೆ. ಓದಿನ ಚಿಕಿತ್ಸೆಗಳು ಹೆಚ್ಚಾಗಿ ಜರ್ಮನ್, ಇಂಗ್ಲಿಷ್ ಪಠ್ಯಗಳ ಮೇಲೆ ಬೆಳೆದವು. ಬಲ ಅರ್ಧ ಹೋದವರಿಗೆ ಪದದ ಬಾಲ ತಪ್ಪುತ್ತದೆ. ಕನ್ನಡದಲ್ಲಿ ಬಾಲದಲ್ಲೇ ಕಾಲ, ಲಿಂಗ, ನಿಷೇಧ ಎಲ್ಲ ಕೂತಿರುತ್ತವೆ. ‘ಬಂದಿರಲಿಲ್ಲ’ ಎಂಬುದನ್ನು ‘ಬಂದಿರ...’ ಎಂದು ಓದಿ ಮುಗಿಸಿದವರಿಗೆ ವಾಕ್ಯದ ಅರ್ಥವೇ ಬೋರಲಾಗುತ್ತದೆ. ಎಡ ಅರ್ಧ ಹೋದವರಿಗೆ ಮುಂದಿನ ಸಾಲಿನ ತಲೆ ಸಿಗುವುದಿಲ್ಲ. ಕನ್ನಡದ ಓದುಗರಿಗೆ ಅಭ್ಯಾಸ ಪಠ್ಯವನ್ನು ರೂಪಿಸಲು ಚಿಕಿತ್ಸಕರ ಜೊತೆ ಭಾಷಾವಿಜ್ಞಾನಿಯೂ ಕೂರಬೇಕು.

ತೀರ್ಮಾನವಾಗದೆ ಉಳಿದದ್ದು

ಯಾವಾಗ ಶುರು ಮಾಡಬೇಕು? ಬೇಗ ಶುರುವಾದರೆ ಸಹಜ ಚೇತರಿಕೆಯ ಜೊತೆ ಬೆರೆತುಹೋಗುತ್ತದೆ. ತಡವಾದರೆ ದಾರಿ ಮುಚ್ಚಿರಬಹುದು, ಏಕೆಂದರೆ ಮಿದುಳಿನ ಗಾಯ ಕಾಲಕ್ರಮೇಣ ಹಿಮ್ಮುಖವಾಗಿ ಅಕ್ಷಿಪಟಲದ ನರಕೋಶಗಳ ಪದರವನ್ನೂ ತೆಳುವಾಗಿಸುತ್ತದೆ. ಏನನ್ನು ಅಳೆಯಬೇಕು, ಯಂತ್ರ ತೋರಿಸುವ ಡಿಗ್ರಿಗಳನ್ನೋ, ರೋಗಿ ಒಬ್ಬರೇ ಬಸ್ ಹತ್ತಿದ್ದನ್ನೋ? ಪುನಃಸ್ಥಾಪನೆ ಮತ್ತು ಹೊಂದಿಕೆ ಒಂದಕ್ಕೊಂದು ಪೂರಕವೇ, ಅಥವಾ ಕಣ್ಣು ಹೊರಳಿಸುವುದನ್ನು ಕಲಿತವರಲ್ಲಿ ಕುರುಡು ಭಾಗಕ್ಕೆ ಎಚ್ಚರಗೊಳ್ಳುವ ಅಗತ್ಯವೇ ಉಳಿಯುವುದಿಲ್ಲವೇ? ತಂಡದ ಮುಂದಾಳು ಯಾರು, ಅವರ ಸಂಬಳ ಯಾವ ಇಲಾಖೆಯದು? ದೃಷ್ಟಿಗೆ ತಂಡ ಇದ್ದ ವಾರ್ಡಿಗೂ ಇಲ್ಲದ ವಾರ್ಡಿಗೂ ಹೋಲಿಕೆ ಮಾಡುವ ದೊಡ್ಡ ಪ್ರಯೋಗವೇ ಬೇಕು. ಅದು ನಡೆಯುವವರೆಗೆ ನನ್ನ ಮತ ಸರಳ: ದುಬಾರಿ ತರಬೇತಿ ಯಂತ್ರ ತರುವ ಮೊದಲು ಪಾರ್ಶ್ವವಾಯು ವಾರ್ಡಿಗೆ ಒಬ್ಬ ಆಪ್ಟೋಮೆಟ್ರಿಸ್ಟರನ್ನು ನೇಮಿಸಿ.

ಮನೆಯಲ್ಲಿ ಯಾರಿಗಾದರೂ ಪಾರ್ಶ್ವವಾಯು ಅಥವಾ ತಲೆಗೆ ಪೆಟ್ಟಾಗಿದ್ದರೆ, ಡಿಸ್ಚಾರ್ಜ್ ಆಗುವ ಮುನ್ನ ‘ನೋಟದ ಕ್ಷೇತ್ರ ಪರೀಕ್ಷೆ ಮಾಡಿದ್ದೀರಾ, ಸಮ್ಮರಿಯಲ್ಲಿ ಬರೆದಿದ್ದೀರಾ?’ ಎಂದು ಕೇಳಿ. ಪರೀಕ್ಷೆ ಆಗುವವರೆಗೆ ಬೈಕಿನ ಕೀಲಿ ಕೊಡಬೇಡಿ.